ಟರ್ಬೊ ಕಾರಿಗೆ ಏರ್ ಇಂಟೇಕ್ ಆರಿಸುವುದು ಹೇಗೆ: ಅಳತೆಯಿಂದ ಅಳವಡಿಕೆವರೆಗೆ ಸಮಗ್ರ ಮಾರ್ಗದರ್ಶಿ

ಇಂಟೇಕ್ ಕಿಟ್, ಅಂದರೆ ಎಂಜಿನ್‌ಗೆ ಗಾಳಿ ತರುವ ಫಿಲ್ಟರ್ ಮತ್ತು ಪೈಪಿನ ಬದಲಿ ಜೋಡಿ, ಹಾಕಿಸಿದರೆ ಕಾರಿನ ಸದ್ದು ಬದಲಾಗುವುದು ಖಂಡಿತ. ಪಿಕಪ್ ಬದಲಾಗುತ್ತದೋ ಇಲ್ಲವೋ ಅನ್ನುವುದು ಬೇರೆ ಪ್ರಶ್ನೆ. ಟರ್ಬೊ, ಅಂದರೆ ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಪಂಪು, ಗಾಳಿ ಎಳೆಯುವ ಸದ್ದು ಕ್ಯಾಬಿನ್ ಒಳಗೆ ಕೇಳಿಸತೊಡಗಿದ ಕೂಡಲೇ ಗಾಡಿ ಜೋರಾಗಿದೆ ಅನ್ನಿಸುತ್ತದೆ. ಅದೇ ಗಾಡಿಯನ್ನು ಶಕ್ತಿ ಅಳೆಯುವ ಡೈನೊ ಯಂತ್ರದ ಮೇಲೆ ಹತ್ತಿಸಿದರೆ ಮೂರ್ನಾಲ್ಕು ಹಾರ್ಸ್‌ಪವರ್ ಹೆಚ್ಚಾಗಿರಬಹುದು, ಬಿಸಿ ಗಾಳಿ ಎಳೆಯುವ ಕಿಟ್ ಆಗಿದ್ದರೆ ಕಡಿಮೆಯೂ ಆಗಿರಬಹುದು. ಆದ್ದರಿಂದ ಇಲ್ಲಿ ಹೇಳುವ ಕ್ರಮ ಅಂಗಡಿಯಿಂದ ಶುರುವಾಗುವುದಿಲ್ಲ. ಮೊದಲು ನಿಮ್ಮ ಗಾಡಿಯಲ್ಲಿ ಗಾಳಿಗೆ ಅಡಚಣೆ ಎಲ್ಲಿದೆ, ಗಾಳಿ ಬಿಸಿಯಾಗುವುದು ಎಲ್ಲಿ ಎಂದು ಅಳೆಯಬೇಕು. ದುಡ್ಡು ಹಾಕುವುದು ಆ ಜಾಗಕ್ಕೆ ಮಾತ್ರ.

ಉದಾಹರಣೆಗೆ ಸ್ಕೋಡಾ ಆಕ್ಟೇವಿಯಾ 1.8 ಟಿಎಸ್‌ಐ ತೆಗೆದುಕೊಳ್ಳೋಣ. 180 ಪಿಎಸ್ (ಹೆಚ್ಚುಕಡಿಮೆ ಅಷ್ಟೇ ಹಾರ್ಸ್‌ಪವರ್) ಶಕ್ತಿ, 250 ನ್ಯೂಟನ್ ಮೀಟರ್ ಟಾರ್ಕ್. ನಮ್ಮ ಕಡೆ ಇಂಟೇಕ್, ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾವಣೆ) ಎಂದು ಅತಿ ಹೆಚ್ಚು ಕೈಯಾಡಿಸಿಕೊಂಡ ಕಾರುಗಳಲ್ಲಿ ಇದೂ ಒಂದು. ಪೋಲೊ ಜಿಟಿ ಟಿಎಸ್‌ಐ, ಐ20 ಎನ್ ಲೈನ್, ಆಕ್ಟೇವಿಯಾ ವಿಆರ್‌ಎಸ್ ಇರುವವರಿಗೂ ಲೆಕ್ಕದ ರೀತಿ ಇದೇ, ಅಂಕಿಗಳು ಮಾತ್ರ ಬೇರೆ.

ಹಂತ 1: ಎಂಜಿನ್‌ಗೆ ಎಷ್ಟು ಗಾಳಿ ಬೇಕು?

ಪೆಟ್ರೋಲ್ ಎಂಜಿನ್‌ಗೆ ಒಂದು ಅಂದಾಜು ಲೆಕ್ಕವಿದೆ: ಒಂದು ಹಾರ್ಸ್‌ಪವರ್‌ಗೆ ಸೆಕೆಂಡಿಗೆ ಸುಮಾರು 0.8 ಗ್ರಾಂ ಗಾಳಿ. 180ಕ್ಕೆ 144 ಗ್ರಾಂ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಸುಮಾರು 91 ಕಿಲೋಪಾಸ್ಕಲ್. 27 ಡಿಗ್ರಿ ಸೆಖೆಯಲ್ಲಿ ಒಂದು ಘನ ಮೀಟರ್ ಗಾಳಿ 1.05 ಕೆಜಿ ತೂಗುತ್ತದೆ. ಅಂದರೆ ಈ ಎಂಜಿನ್ ಫುಲ್ ಥ್ರಾಟಲ್‌ನಲ್ಲಿ ಸೆಕೆಂಡಿಗೆ ಹೆಚ್ಚುಕಡಿಮೆ 137 ಲೀಟರ್ ಗಾಳಿ ಎಳೆಯುತ್ತದೆ.

ಇಷ್ಟು ಗಾಳಿ 63 ಮಿ.ಮೀ. ಒಳವ್ಯಾಸದ ಪೈಪಿನಲ್ಲಿ ಸೆಕೆಂಡಿಗೆ 44 ಮೀಟರ್ ವೇಗದಲ್ಲಿ ಹೋಗಬೇಕು. 70 ಮಿ.ಮೀ. ಆದರೆ 36 ಮೀಟರ್, 76 ಆದರೆ 30, 89 ಆದರೆ 22. ಪೈಪಿನ ಪ್ರತಿ ತಿರುವಿನಲ್ಲೂ ಆಗುವ ನಷ್ಟ ಈ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಒಂದು ಕಡಿದಾದ ತಿರುವಿಗೆ 63 ಮಿ.ಮೀ. ಪೈಪಿನಲ್ಲಿ ಸುಮಾರು 1 ಕಿಲೋಪಾಸ್ಕಲ್ ಹೋಗುತ್ತದೆ ಅಂದುಕೊಂಡರೆ 70ರಲ್ಲಿ 0.67, 76ರಲ್ಲಿ 0.47, 89ರಲ್ಲಿ 0.25.

ಈ ಅಂಕಿಗಳನ್ನು ಇನ್ನೊಮ್ಮೆ ನೋಡಿ. 63ರಿಂದ 70ಕ್ಕೆ ಹೋದರೆ ಸಿಗುವುದು 0.33. 76ರಿಂದ 89ಕ್ಕೆ ಹಾರಿದರೂ ಸಿಗುವುದು 0.22 ಮಾತ್ರ, ಅದೂ ಒಂದು ತಿರುವಿಗೆ. 180 ಪಿಎಸ್ ಗಾಡಿಗೆ ಮೂರೂವರೆ ಇಂಚಿನ, ಅಂದರೆ 89 ಮಿ.ಮೀ. ಪೈಪ್ ಮಾರುವವರು ನಿಮಗೆ ಹೆಚ್ಚಾಗಿ ಮಾರುತ್ತಿರುವುದು ನೋಟವನ್ನು. ರೀಮ್ಯಾಪ್ ಮಾಡಿಸಿ 300 ಪಿಎಸ್ ಮುಟ್ಟುವ ವಿಆರ್‌ಎಸ್‌ನಲ್ಲಿ ಮಾತು ಬೇರೆ. ಅಲ್ಲಿ ಗಾಳಿ ಸೆಕೆಂಡಿಗೆ 240 ಗ್ರಾಂ ಆಗುವುದರಿಂದ ಅದೇ ಪೈಪಿನಲ್ಲಿ ನಷ್ಟ ಎರಡೂಮುಕ್ಕಾಲು ಪಟ್ಟಾಗುತ್ತದೆ.

ಹಂತ 2: ಅಡಚಣೆ ಎಲ್ಲಿದೆ ಎಂದು ಅಳೆಯಿರಿ

ಇಡೀ ಕೆಲಸದ ತಿರುಳು ಇದು. ಬೇಕಾದ ಸಾಮಾನು ಯಾವ ಹಾರ್ಡ್‌ವೇರ್ ಅಂಗಡಿಯಲ್ಲಾದರೂ ಸಿಗುತ್ತದೆ: ಗಾರೆ ಕೆಲಸದವರು ಬಳಸುವ ಪಾರದರ್ಶಕ ಲೆವೆಲ್ ಪೈಪ್, 6 ಮಿ.ಮೀ. ಒಳವ್ಯಾಸದ್ದು, ಐದಾರು ಮೀಟರ್, 120 ಸೆಂ.ಮೀ. ಉದ್ದದ ಒಂದು ಹಲಗೆ, ಅಳತೆ ಟೇಪು, ಬಣ್ಣ ಕಲಸಿದ ನೀರು, ಒಂದು ಗಟ್ಟಿ ಗಾಜಿನ ಬಾಟಲಿ. ಪೈಪನ್ನು ಹಲಗೆಯ ಮೇಲೆ ಯು ಆಕಾರದಲ್ಲಿ ಕಟ್ಟಿ. ಎರಡೂ ಕಾಲು ಒಂದೊಂದು ಮೀಟರ್ ಎತ್ತರವಿರಲಿ, ಒಂದರ ಪಕ್ಕ ಒಂದು ಅಂಟಿಕೊಂಡಂತಿರಲಿ. ಅರ್ಧದವರೆಗೆ ನೀರು ತುಂಬಿ. ಒಂದು ತುದಿಯನ್ನು ಹಾಗೇ ಬಿಟ್ಟು ಇನ್ನೊಂದನ್ನು ಇಂಟೇಕ್‌ಗೆ ಜೋಡಿಸಬೇಕು. ನಡುವೆ ಆ ಖಾಲಿ ಬಾಟಲಿ ಇರಲಿ; ನೀರು ಅಕಸ್ಮಾತ್ ಮೇಲೇರಿದರೆ ಟರ್ಬೊಗೆ ಹೋಗದೆ ಬಾಟಲಿಯಲ್ಲೇ ನಿಲ್ಲುತ್ತದೆ. ಎರಡು ಕಾಲುಗಳ ನೀರಿನ ಮಟ್ಟದ ವ್ಯತ್ಯಾಸ 10.2 ಸೆಂ.ಮೀ. ಬಂದರೆ 1 ಕಿಲೋಪಾಸ್ಕಲ್ ನಷ್ಟ ಎಂದರ್ಥ.

ಅಳೆಯುವುದು ಮೂರು ಕಡೆ. ಅ: ಏರ್‌ಬಾಕ್ಸ್, ಅಂದರೆ ಫಿಲ್ಟರ್ ಕೂರುವ ಪೆಟ್ಟಿಗೆಯ ಒಳಗೆ, ಫಿಲ್ಟರಿಗೆ ಮುಂಚೆ. ಆ: ಫಿಲ್ಟರ್ ದಾಟಿದ ಮೇಲೆ, ಏರ್‌ಬಾಕ್ಸ್ ಮುಚ್ಚಳದ ಬಳಿ. ಇ: ಟರ್ಬೊ ಬಾಯಿಗೆ ತೀರಾ ಹತ್ತಿರ. ರಂಧ್ರ ಕೊರೆಯಬೇಕಾಗಿ ಬಂದರೆ ಆ ಭಾಗವನ್ನು ಗಾಡಿಯಿಂದ ಬಿಚ್ಚಿ ಹೊರಗೆ ತಂದೇ ಕೊರೆಯಿರಿ. ಪ್ಲಾಸ್ಟಿಕ್ ಚೂರೊಂದು ಒಳಗುಳಿದರೂ ನಿಮಿಷಕ್ಕೆ ಲಕ್ಷ ಸಲಕ್ಕೂ ಹೆಚ್ಚು ತಿರುಗುವ, ಟರ್ಬೊದಲ್ಲಿ ಗಾಳಿ ಒತ್ತುವ ಕಂಪ್ರೆಸರ್ ರೆಕ್ಕೆಗೆ ಅದು ಬಡಿಯುತ್ತದೆ. ರಬ್ಬರ್ ಗ್ರಾಮೆಟ್ ಹಾಕಿ ಪೈಪ್ ಸಿಕ್ಕಿಸಿ. ಪೈಪಿನ ತುದಿ ಒಳಗೋಡೆಗೆ ಸಮವಾಗಿರಬೇಕು. ಒಳಕ್ಕೆ ಚಾಚಿಕೊಂಡರೆ ಹರಿವಿಗೆ ಅಡ್ಡ ನಿಂತು ಅಳತೆ ತಪ್ಪಾಗುತ್ತದೆ. ಅಳತೆ ಮುಗಿದ ಮೇಲೆ ಬಿಗಿಯಾದ ಕ್ಯಾಪ್‌ನಿಂದ ಮುಚ್ಚಿ. ವಾರಂಟಿ ಇರುವ ಗಾಡಿಯಾದರೆ ಕೊರೆಯಲು ಒಂದು ಹಳೆಯ ಏರ್‌ಬಾಕ್ಸ್ ಮುಚ್ಚಳವನ್ನು ಗುಜರಿಯಿಂದ ತಂದುಕೊಳ್ಳುವುದು ವಾಸಿ.

ಡೈನೊ ಮೇಲೆ ಅಳೆಯುವುದು ಎಲ್ಲಕ್ಕಿಂತ ಒಳ್ಳೆಯದು. ಅದಿಲ್ಲದಿದ್ದರೆ ಸಂಚಾರವಿಲ್ಲದ ಖಾಸಗಿ ರಸ್ತೆ ಅಥವಾ ಟ್ರ್ಯಾಕ್ ಡೇ ದಿನ, ಪಕ್ಕದಲ್ಲಿ ಇನ್ನೊಬ್ಬರು ಕೂತು ಹಲಗೆ ಹಿಡಿದು ಮೊಬೈಲಿನಲ್ಲಿ ವಿಡಿಯೊ ಮಾಡಲಿ. ಮೂರನೇ ಗೇರ್, 2,000 ಆರ್‌ಪಿಎಂನಿಂದ 6,000ವರೆಗೆ ಪೂರ್ತಿ ಒತ್ತಿ. ಹಲಗೆಯನ್ನು ಗಾಡಿಯ ಅಡ್ಡಕ್ಕೆ ಹಿಡಿಯಬೇಕು, ಉದ್ದಕ್ಕಲ್ಲ. ಉದ್ದಕ್ಕೆ ಹಿಡಿದರೆ ಗಾಡಿ ಮುನ್ನುಗ್ಗುವಾಗ ನೀರು ಹಿಂದಿನ ಕಾಲಿಗೆ ಸರಿದು ಸುಳ್ಳು ಲೆಕ್ಕ ಕೊಡುತ್ತದೆ. ಎರಡು ಕಾಲುಗಳ ನಡುವೆ 10 ಸೆಂ.ಮೀ. ಅಂತರವಿದ್ದು ಗಾಡಿ 0.3 ಜಿ ವೇಗೋತ್ಕರ್ಷದಲ್ಲಿದ್ದರೆ 3 ಸೆಂ.ಮೀ. ತಪ್ಪು ಅಲ್ಲೇ ಬಂದುಬಿಡುತ್ತದೆ.

ಅ 10 ಸೆಂ.ಮೀ., ಆ 18, ಇ 45 ಬಂತು ಅಂದುಕೊಳ್ಳಿ. ಗ್ರಿಲ್‌ನಿಂದ ಏರ್‌ಬಾಕ್ಸ್‌ವರೆಗಿನ ಸ್ನಾರ್ಕೆಲ್ ತಿನ್ನುವುದು 10, ಫಿಲ್ಟರ್ ತಿನ್ನುವುದು 8, ಅಲ್ಲಿಂದ ಟರ್ಬೊವರೆಗಿನ ಪೈಪು ಮತ್ತು ಮೊಣಕೈ 27. ಈ ಗಾಡಿಗೆ ದುಬಾರಿ ಫಿಲ್ಟರ್ ತಂದು ಆ 8ರಲ್ಲಿ ಅರ್ಧ ಉಳಿಸಿದರೂ ಒಟ್ಟು ನಷ್ಟದ ಹತ್ತನೇ ಒಂದು ಪಾಲೂ ಕಡಿಮೆಯಾಗುವುದಿಲ್ಲ. ಬದಲಿಸಬೇಕಾದದ್ದು ಟರ್ಬೊ ಇನ್ಲೆಟ್ ಎಲ್ಬೊ. ಆಕ್ಟೇವಿಯಾದಲ್ಲಿ ಟರ್ಬೊ ಇರುವುದು ಎಂಜಿನ್ನಿನ ಹಿಂಬದಿ, ಫೈರ್‌ವಾಲ್ ಕಡೆ. ಗಾಳಿ ಮುಂದಿನಿಂದ ಬಂದು ಎಂಜಿನ್ ಬಳಸಿಕೊಂಡು ಹಿಂದಕ್ಕೆ ಹೋಗಿ ಇಕ್ಕಟ್ಟಾದ ಪ್ಲಾಸ್ಟಿಕ್ ಮೊಣಕೈಯಲ್ಲಿ ತಿರುಗಿ ಟರ್ಬೊ ಸೇರುತ್ತದೆ. ಫಿಲ್ಟರ್ ಮಾತ್ರ ಬದಲಿಸಿದವರಿಗೆ ವ್ಯತ್ಯಾಸ ಕಾಣದಿರುವುದು ಇದಕ್ಕೇ.

ಅ ಬಿಂದುವಿನಲ್ಲೇ 20 ದಾಟಿದರೆ ಮೊದಲು ಏರ್‌ಬಾಕ್ಸ್ ತೆರೆದು ನೋಡಿ. ಈ ಗಾಡಿಗಳ ಏರ್‌ಬಾಕ್ಸ್ ತಳದಲ್ಲಿ ಹಿಮ ತಡೆಯಲು ಹಾಕಿರುವ ಜಾಲರಿ ಇರುತ್ತದೆ. ನಮ್ಮಲ್ಲಿ ಅದಕ್ಕೆ ಹಿಮ ಸಿಗುವುದಿಲ್ಲ, ಮರದಡಿ ನಿಲ್ಲಿಸಿದ ಗಾಡಿಯಲ್ಲಿ ಒಣಗಿದ ಎಲೆ ಮತ್ತು ಹೂವಿನ ಎಸಳು ಸಿಗುತ್ತವೆ. ಶುಚಿ ಮಾಡಿದರೆ ಖರ್ಚಿಲ್ಲದೆ ಕೆಲಸ ಮುಗಿಯಬಹುದು. ಒಟ್ಟು ಇ ಅಳತೆ 20 ಸೆಂ.ಮೀ. ಒಳಗಿದ್ದರೆ ಸ್ಟಾಕ್ ಟ್ಯೂನ್‌ನಲ್ಲಿ, ಅಂದರೆ ಕಂಪನಿ ಕೊಟ್ಟ ಹೊಂದಾಣಿಕೆಯಲ್ಲಿ, ಏನನ್ನೂ ಬದಲಿಸಬೇಡಿ.

ಈ ನಷ್ಟದ ಬೆಲೆ ಎಷ್ಟು?

ಟರ್ಬೊ ಇಲ್ಲದ ಎಂಜಿನ್‌ನಲ್ಲಿ ನೇರ ಲೆಕ್ಕ: ಒಂದು ಕಿಲೋಪಾಸ್ಕಲ್ ನಷ್ಟಕ್ಕೆ ಹೆಚ್ಚುಕಡಿಮೆ ನೂರಕ್ಕೆ ಒಂದು ಪಾಲು ಶಕ್ತಿ.

ಟರ್ಬೊದಲ್ಲಿ ಹಾಗಲ್ಲ. ಮ್ಯಾನಿಫೋಲ್ಡ್‌ನಲ್ಲಿ, ಅಂದರೆ ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಯಲ್ಲಿ, ಇಷ್ಟು ಒತ್ತಡ ಬೇಕು ಎಂದು ಇಸಿಯು (ಎಂಜಿನ್ ಕಂಪ್ಯೂಟರ್) ಕೇಳುತ್ತದೆ, ಟರ್ಬೊ ತನ್ನ ಮಿತಿಯವರೆಗೆ ಹೇಗಾದರೂ ಅದನ್ನು ಕೊಡುತ್ತದೆ. 190 ಕಿಲೋಪಾಸ್ಕಲ್ ಬೇಕೆಂದಿಟ್ಟುಕೊಳ್ಳಿ. ಬೆಂಗಳೂರಿನ 91ರಿಂದ ಶುರು ಮಾಡಿದರೆ ಕಂಪ್ರೆಸರ್ 2.09 ಪಟ್ಟು ಒತ್ತಬೇಕು. ಇಂಟೇಕ್‌ನಲ್ಲೇ 5 ಹೋದರೆ 86ರಿಂದ ಶುರು, ಆಗ 2.21 ಪಟ್ಟು. ಕಂಪ್ರೆಸರ್ ದಕ್ಷತೆ ನೂರಕ್ಕೆ 70 ಎಂದು ಹಿಡಿದರೆ ಇಷ್ಟರಿಂದಲೇ ಹೊರಬರುವ ಗಾಳಿ 9 ಡಿಗ್ರಿ ಹೆಚ್ಚು ಬಿಸಿ. ಅದರಲ್ಲಿ ಬಹುಪಾಲನ್ನು ಇಂಟರ್‌ಕೂಲರ್, ಅಂದರೆ ಟರ್ಬೊ ದಾಟಿದ ಗಾಳಿಯನ್ನು ತಣಿಸುವ ಭಾಗ, ತೆಗೆಯುತ್ತದೆ. ಹಾಗಾಗಿ ಸ್ಟಾಕ್ ಮ್ಯಾಪ್‌ನಲ್ಲಿ ಲಾಭ ಸಣ್ಣದಾಗಿ ಕಾಣುತ್ತದೆ. ಮೇಲಿನ ಆರ್‌ಪಿಎಂನಲ್ಲಿ ಟರ್ಬೊ ಉಸಿರುಗಟ್ಟುವ ಗಾಡಿಯಲ್ಲಿ, ಅಂದರೆ ಸ್ಟೇಜ್ 2 ಮ್ಯಾಪ್‌ನಲ್ಲಿ (ಬಿಡಿಭಾಗಗಳನ್ನೂ ಬದಲಿಸಿ ಶಕ್ತಿ ಇನ್ನಷ್ಟು ಏರಿಸುವ ರೀಮ್ಯಾಪ್), ಅದೇ ಬದಲಾವಣೆಯ ಫಲ ಚೆನ್ನಾಗಿ ಕಾಣುತ್ತದೆ. ಓಡಿಸುವಾಗ ದಾಖಲಿಸಿದ ಲಾಗ್‌ನಲ್ಲಿ ಇಸಿಯು ಕೇಳಿದ ಬೂಸ್ಟ್ (ಟರ್ಬೊ ಒತ್ತಡ) ಮತ್ತು ನಿಜಕ್ಕೂ ಬಂದ ಬೂಸ್ಟ್ ಎರಡನ್ನೂ ನೋಡಿ. ಎರಡೂ ರೆಡ್‌ಲೈನ್‌ವರೆಗೆ (ಆರ್‌ಪಿಎಂನ ಗರಿಷ್ಠ ಮಿತಿ) ಕೂಡಿಯೇ ಹೋಗುತ್ತಿದ್ದರೆ ಇಂಟೇಕ್ ನಿಮ್ಮನ್ನು ತಡೆಯುತ್ತಿಲ್ಲ.

ಆಕ್ಟೇವಿಯಾ 1.8ರಲ್ಲಿ ಇನ್ನೊಂದು ಮಿತಿಯಿದೆ. ಅದರ ಏಳು ಗೇರಿನ ಡ್ರೈ ಕ್ಲಚ್ ಡಿಎಸ್‌ಜಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಅಂದರೆ ಡಿಕ್ಯು200, ತಾಳುವಂತೆ ರೂಪಿಸಿರುವುದು 250 ನ್ಯೂಟನ್ ಮೀಟರಿಗೆ. ಕಂಪನಿಯೇ ಅಂಚಿನವರೆಗೆ ಕೊಟ್ಟಿದೆ. ಇಲ್ಲಿ ದುಬಾರಿ ಇಂಟೇಕ್‌ಗಿಂತ ಮೊದಲು ಯೋಚಿಸಬೇಕಾದದ್ದು ಗೇರ್‌ಬಾಕ್ಸ್ ಬಗ್ಗೆ.

ಹಂತ 3: ಬಿಸಿ ನೋಡಿ

ಗಾಳಿ 40 ಡಿಗ್ರಿಯಿಂದ 70ಕ್ಕೆ ಏರಿದರೆ ಅದರ ಸಾಂದ್ರತೆ ನೂರಕ್ಕೆ ಎಂಟೂಮುಕ್ಕಾಲರಷ್ಟು ಇಳಿಯುತ್ತದೆ. ಟರ್ಬೊದಲ್ಲಿ ಈ ಪೆಟ್ಟು ಇನ್ನೂ ಹೆಚ್ಚು: ಮೇಲಿನ ಲೆಕ್ಕದಲ್ಲೇ ಒಳಹೋಗುವ ಗಾಳಿ 20 ಡಿಗ್ರಿ ಬಿಸಿಯಾದರೆ ಕಂಪ್ರೆಸರ್‌ನಿಂದ ಬರುವುದು 26–27 ಡಿಗ್ರಿ ಬಿಸಿಯಾಗಿ. ನಾಕ್, ಅಂದರೆ ಸಿಲಿಂಡರಿನಲ್ಲಿ ಇಂಧನ ತಾನಾಗಿ ಸಿಡಿಯುವ ಸದ್ದು, ಕೇಳಿಸಿದರೆ ಇಸಿಯು ಇಗ್ನಿಷನ್ ಹಿಂದೆ ಸರಿಸುತ್ತದೆ, ಕಿಡಿ ತಡವಾಗಿ ಹಾರುತ್ತದೆ, ಶಕ್ತಿ ಹೋಗುತ್ತದೆ. ಬಾನೆಟ್ ಒಳಗೆ ಬಯಲಾಗಿ ಕೂರುವ ಕೋನ್ ಫಿಲ್ಟರ್ ಮೇ ತಿಂಗಳ ಕಲಬುರಗಿಯಲ್ಲಿ ಸ್ಟಾಕ್‌ಗಿಂತ ನಿಧಾನವಾಗುವುದು ಹೀಗೆ.

ಕೆಲವು ಮಲ್ಟಿಮೀಟರ್ ಜೊತೆ ಬರುವ ಕೆ ಟೈಪ್ ಥರ್ಮೊಕಪಲ್ ವಯರನ್ನು ಏರ್‌ಬಾಕ್ಸ್ ಒಳಗೆ ತೂಗುಬಿಡಿ, ತುದಿ ಪ್ಲಾಸ್ಟಿಕ್‌ಗೆ ತಾಗದಿರಲಿ. ಹತ್ತು ನಿಮಿಷ ಟ್ರಾಫಿಕ್‌ನಲ್ಲಿ ನಿಂತಂತೆ ಐಡಲ್ ಮಾಡಿ ಓದಿ. ಆಮೇಲೆ 60 ಕಿ.ಮೀ. ವೇಗದಲ್ಲಿ ಐದು ನಿಮಿಷ ಓಡಿಸಿ ಓದಿ. ಓಡುವಾಗ ಹೊರಗಿನ ತಾಪಮಾನಕ್ಕಿಂತ 5 ಡಿಗ್ರಿ ಒಳಗಿದ್ದರೆ ಸ್ಟಾಕ್ ಏರ್‌ಬಾಕ್ಸ್ ಚೆನ್ನಾಗಿಯೇ ಇದೆ. 15 ದಾಟಿದರೆ ಸ್ನಾರ್ಕೆಲ್ ಕಳಚಿದೆಯೇ, ಮುಂದಿನ ಡಕ್ಟ್ ಬಾಯಿ ರೇಡಿಯೇಟರ್ ಹಿಂದಿನ ಗಾಳಿಯನ್ನು ಎಳೆಯುತ್ತಿದೆಯೇ ಎಂದು ಹುಡುಕಿ. ಒಬಿಡಿ ಡಾಂಗಲ್‌ನಲ್ಲಿ (ಗಾಡಿಯ ಡಯಾಗ್ನೊಸ್ಟಿಕ್ ಸಾಕೆಟ್ಟಿಗೆ ಸಿಕ್ಕಿಸಿ ಅಂಕಿ ಓದುವ ಸಾಧನ) ಕಾಣುವ ಇಂಟೇಕ್ ತಾಪಮಾನ ಬಹಳಷ್ಟು ಟರ್ಬೊ ಗಾಡಿಗಳಲ್ಲಿ ಇಂಟರ್‌ಕೂಲರ್ ದಾಟಿದ ಗಾಳಿಯದು. ಅದನ್ನು ಏರ್‌ಬಾಕ್ಸ್ ಲೆಕ್ಕ ಎಂದು ತಿಳಿಯಬೇಡಿ.

ಹಂತ 4: ಯಾವ ಬಗೆ?

ಪ್ಯಾನೆಲ್ ಫಿಲ್ಟರ್. ಸ್ಟಾಕ್ ಏರ್‌ಬಾಕ್ಸ್ ಒಳಗೇ ಕೂರುತ್ತದೆ. ಕೆ ಆ್ಯಂಡ್ ಎನ್, ಬಿಎಂಸಿ, ಪೈಪರ್‌ಕ್ರಾಸ್ ಇವೆಲ್ಲ ಇಂಥವನ್ನು ಮಾಡುತ್ತವೆ. ತಣ್ಣನೆ ಗಾಳಿಯ ವ್ಯವಸ್ಥೆ ಹಾಗೇ ಉಳಿಯುತ್ತದೆ, ಹಿಂದಕ್ಕೆ ಬದಲಿಸಲು ಹತ್ತು ನಿಮಿಷ ಸಾಕು. ಲಾಭ ಕಡಿಮೆ, ತೊಂದರೆಯೂ ಕಡಿಮೆ.

ಶಾರ್ಟ್ ರ‍್ಯಾಮ್, ಅಂದರೆ ಬಾನೆಟ್ ಒಳಗೆ ಬಯಲು ಕೋನ್. ಬೀದಿಯಲ್ಲಿ ಓಡಿಸುವ ಟರ್ಬೊ ಗಾಡಿಗೆ ಇದನ್ನು ಹಾಕಬೇಡಿ. ಹೀಟ್ ಶೀಲ್ಡ್ ಎಂದು ಕೊಡುವ ತಗಡು ಮೂರು ಬದಿ ಮುಚ್ಚಿ ಮೇಲ್ಭಾಗ ತೆರೆದಿದ್ದರೆ ಅದು ಶೀಲ್ಡ್ ಅಲ್ಲ. ಬಾನೆಟ್ ಹಾಕಿದಾಗ ಅಂಚಿನ ರಬ್ಬರ್ ಬಾನೆಟ್ ತಳಕ್ಕೆ ಒತ್ತಿ ಕೂರಬೇಕು.

ಕೋಲ್ಡ್ ಏರ್ ಇಂಟೇಕ್. ಫಿಲ್ಟರನ್ನು ಬಂಪರ್ ಹಿಂದೆ, ಚಕ್ರದ ಮುಂದಿನ ಪೊಳ್ಳಿನಲ್ಲಿ ಕೂರಿಸುತ್ತಾರೆ. ಗಾಳಿ ನಿಜಕ್ಕೂ ತಣ್ಣಗಿರುತ್ತದೆ. ಅಪಾಯ ನೀರಿನದು. ಮಳೆಗಾಲದ ಬೆಂಗಳೂರಿನ ಅಂಡರ್‌ಪಾಸ್, ಕರಾವಳಿಯ ಆಷಾಢದ ರಸ್ತೆ, ಇಲ್ಲೆಲ್ಲ ಫಿಲ್ಟರ್ ನೀರಿನಲ್ಲಿ ಮುಳುಗಿದರೆ ಎಂಜಿನ್ ನೀರನ್ನೇ ಎಳೆಯುತ್ತದೆ. ಸಿಲಿಂಡರಿನಲ್ಲಿ ನೀರು ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇದಕ್ಕೆ ಹೈಡ್ರೊಲಾಕ್ ಎನ್ನುತ್ತಾರೆ. ಎಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ತೆಗೆದುಕೊಳ್ಳದಿದ್ದರೆ ಸಾಮಾನ್ಯ ವಿಮೆ ಇದಕ್ಕೆ ಹಣ ಕೊಡುವುದಿಲ್ಲ. ಫಿಲ್ಟರ್ ಮುಳುಗಿದಾಗ ಬೇರೆಡೆಯಿಂದ ಗಾಳಿ ಬಿಡುವ ಬೈಪಾಸ್ ವಾಲ್ವ್ ಅನ್ನು ಕೆಲವರು ಮಾರುತ್ತಾರೆ. ಅದರ ಮೇಲೆ ಭರವಸೆ ಇಟ್ಟು ನೀರಿಗಿಳಿಯಬೇಡಿ. ನಮ್ಮ ರಸ್ತೆಗೆ ನಿತ್ಯ ಬಳಕೆಯ ಗಾಡಿಯಲ್ಲಿ ಈ ಬಗೆ ಬೇಡವೆಂದೇ ನಮ್ಮ ಸಲಹೆ.

ಮುಚ್ಚಿದ ಬಾಕ್ಸ್ ಕಿಟ್. ದೊಡ್ಡ ಕೋನ್, ಸುತ್ತ ಪೂರ್ತಿ ಮುಚ್ಚಿದ ಪ್ಲಾಸ್ಟಿಕ್ ಅಥವಾ ಕಾರ್ಬನ್ ಪೆಟ್ಟಿಗೆ, ಗ್ರಿಲ್‌ನಿಂದ ನೇರ ಡಕ್ಟ್. ಬಿಎಂಸಿ ಸಿಡಿಎ, ರೇಸಿಂಗ್‌ಲೈನ್ ಆರ್600, ಇವೆಂಚುರಿ ಈ ಸಾಲಿನವು. ಸ್ಟೇಜ್ 2ಕ್ಕೆ ಹೋಗುವವರಿಗೆ ಸರಿಯಾದ ಆಯ್ಕೆ ಇದು. ಆಮದು ಸುಂಕ ಸೇರಿದರೆ ಬೆಲೆ ಹತ್ತಾರು ಸಾವಿರ. ಆರ್600ರಂತಹ ಕಿಟ್ ನಿಮ್ಮ ಬಲಬದಿ ಸ್ಟಿಯರಿಂಗ್ ಗಾಡಿಗೆ, ನಿಮ್ಮ ಬ್ಯಾಟರಿ ಟ್ರೇ ಅಳತೆಗೆ ಹೊಂದುವ ಪಾರ್ಟ್ ನಂಬರಿನದೇ ಎಂದು ಬರಹದಲ್ಲಿ ಖಚಿತಪಡಿಸಿಕೊಳ್ಳಿ.

ಎರಡನೇ ಹಂತದ ಅಳತೆಯಲ್ಲಿ ಮೊಣಕೈ ದೋಷಿ ಎಂದು ಬಂದಿದ್ದರೆ ಟರ್ಬೊ ಇನ್ಲೆಟ್ ಎಲ್ಬೊವನ್ನು ಸ್ಟಾಕ್ ಏರ್‌ಬಾಕ್ಸ್ ಜೊತೆಗೇ ಹಾಕಬಹುದು. ಪ್ಯಾನೆಲ್ ಫಿಲ್ಟರ್, ಶುಚಿಯಾದ ಸ್ನಾರ್ಕೆಲ್, ದೊಡ್ಡ ಎಲ್ಬೊ: ಸ್ಟೇಜ್ 1, ಅಂದರೆ ಬರೀ ರೀಮ್ಯಾಪ್ ಆದ ಗಾಡಿಗೆ ಈ ಮೂರರ ಜೋಡಿ ಪೂರ್ತಿ ಕಿಟ್‌ಗಿಂತ ಅಗ್ಗ, ಸದ್ದೂ ಕಡಿಮೆ.

ಹಂತ 5: ಫಿಲ್ಟರಿನ ಬಟ್ಟೆ

ಧೂಳಿನ ನಾಡಿನಲ್ಲಿ ಎಲ್ಲಕ್ಕಿಂತ ದೊಡ್ಡ ಆಯ್ಕೆ ಇದೇ. ಒಳ್ಳೆಯ ಕಾಗದದ ಫಿಲ್ಟರ್ ನೂರರಲ್ಲಿ 99.5 ಪಾಲು ಧೂಳು ತಡೆದು, ಇನ್ನೊಂದು 98 ತಡೆದರೆ ಎರಡೂ ಒಂದೇ ಎಂದು ಕಾಣುತ್ತದೆ. ದಾಟಿ ಹೋದದ್ದನ್ನು ನೋಡಿ: ಒಂದರಲ್ಲಿ 0.5, ಇನ್ನೊಂದರಲ್ಲಿ 2. ನಾಲ್ಕು ಪಟ್ಟು ಧೂಳು ಎಂಜಿನ್ ಒಳಗೆ. ಹೊಸಪೇಟೆ, ಸಂಡೂರು ಕಡೆಯ ಗಣಿ ರಸ್ತೆಯ ಕೆಂಧೂಳಿನಲ್ಲಿ ಇದು ಪಿಸ್ಟನ್ ರಿಂಗ್ ಮತ್ತು ಕಂಪ್ರೆಸರ್ ರೆಕ್ಕೆಯ ಅಂಚನ್ನು ಸವೆಸುತ್ತದೆ. ಕೊಳ್ಳುವಾಗ ಏರ್ ಫಿಲ್ಟರುಗಳಿಗಿರುವ ಅಂತರರಾಷ್ಟ್ರೀಯ ಐಎಸ್‌ಒ 5011 ಪರೀಕ್ಷೆಯ ಫಲಿತಾಂಶ ಕೇಳಿ. ಅದರಲ್ಲೂ ನುಣ್ಣನೆ ಧೂಳಿನ ಪರೀಕ್ಷೆಯದೇ ಬೇಕು. ದಪ್ಪ ಧೂಳಿನದಾದರೆ ಅಂಕಿ ತಾನೇ ಚೆನ್ನಾಗಿ ಬರುತ್ತದೆ.

ಎಣ್ಣೆ ಹಚ್ಚಿದ ಹತ್ತಿ ಬಟ್ಟೆಯ ಫಿಲ್ಟರ್ ಗಾಳಿಯನ್ನು ಸುಲಭವಾಗಿ ಬಿಡುತ್ತದೆ, ತೊಳೆದು ಮತ್ತೆ ಬಳಸಬಹುದು. ಆದರೆ ಎಣ್ಣೆ ಹೆಚ್ಚಾದರೆ ಏರ್ ಫ್ಲೋ ಸೆನ್ಸರ್ ಮೇಲೆ ಕೂರುತ್ತದೆ, ಕಡಿಮೆಯಾದರೆ ಧೂಳು ದಾಟುತ್ತದೆ. ಒಣ ಸಿಂಥೆಟಿಕ್, ಉದಾಹರಣೆಗೆ ಎಇಎಂ ಡ್ರೈಫ್ಲೋ, ಎಣ್ಣೆಯ ತಲೆನೋವಿಲ್ಲದ ನಡುದಾರಿ. ಫೋಮ್ ಫಿಲ್ಟರನ್ನು ಎಣ್ಣೆ ಹಚ್ಚದೆ ಬಳಸಿದರೆ ಅದು ಬರೀ ಸ್ಪಂಜು. ನಿತ್ಯ ಬಳಕೆಯ, ಊರೂರು ಸುತ್ತುವ ಗಾಡಿಗೆ ಒಣ ಸಿಂಥೆಟಿಕ್ ಅಥವಾ ಹೊಸ ಕಾಗದದ ಫಿಲ್ಟರ್ ಒಳ್ಳೆಯದು. ಕಾಗದದ್ದನ್ನು ಕಂಪನಿ ಹೇಳಿದ ಅವಧಿಯ ಅರ್ಧಕ್ಕೇ ಬದಲಿಸುವವರು ಬಹಳಷ್ಟು ಕಿಟ್ ಮಾಲೀಕರಿಗಿಂತ ಮುಂದಿರುತ್ತಾರೆ.

ಹಂತ 6: ಸೆನ್ಸರ್ ಮತ್ತು ಬ್ರೀದರ್

ಏರ್‌ಬಾಕ್ಸ್ ದಾಟಿದ ಕೂಡಲೇ ಪೈಪಿನಲ್ಲಿ ನಾಲ್ಕೈದು ವಯರಿನ ಸೆನ್ಸರ್ ಕೂತಿದೆಯೇ ನೋಡಿ. ಇದ್ದರೆ ಅದು ಮಾಸ್ ಏರ್ ಫ್ಲೋ ಸೆನ್ಸರ್, ಗ್ಯಾರೇಜ್ ಭಾಷೆಯಲ್ಲಿ ಮ್ಯಾಫ್. ಅದರ ಎಳೆ ನೋಡುವುದು ತನ್ನ ಮೇಲೆ ಹಾಯುವ ಗಾಳಿಯನ್ನು ಮಾತ್ರ. ಒಟ್ಟು ಗಾಳಿ ಎಷ್ಟು ಎಂದು ಇಸಿಯು ಪೈಪಿನ ವ್ಯಾಸದಿಂದ ಲೆಕ್ಕ ಹಾಕುತ್ತದೆ. 70 ಮಿ.ಮೀ. ಜಾಗಕ್ಕೆ 76 ಮಿ.ಮೀ. ಪೈಪ್ ಹಾಕಿದರೆ ವಿಸ್ತೀರ್ಣ ನೂರಕ್ಕೆ 18 ಹೆಚ್ಚಾಗಿ, ಅಷ್ಟೇ ಗಾಳಿ ನಿಧಾನ ಹೋಗಿ, ಇಸಿಯುಗೆ ನೂರಕ್ಕೆ 15 ಕಡಿಮೆ ಕಾಣುತ್ತದೆ. ಪೆಟ್ರೋಲ್ ಕಡಿಮೆ ಬಿದ್ದು ಮಿಶ್ರಣ ತೆಳುವಾಗುತ್ತದೆ. ಫ್ಯುಯೆಲ್ ಟ್ರಿಮ್ (ಪೆಟ್ರೋಲ್ ಪ್ರಮಾಣಕ್ಕೆ ಇಸಿಯು ಮಾಡುವ ತಿದ್ದುಪಡಿ) ಏರಿ ಏರಿ ಕೊನೆಗೆ ಪಿ0171 ಕೋಡ್ ಬಂದು ಚೆಕ್ ಎಂಜಿನ್ ದೀಪ ಹತ್ತುತ್ತದೆ. ಆದ್ದರಿಂದ ಮ್ಯಾಫ್ ಗಾಡಿಯಲ್ಲಿ ಸೆನ್ಸರ್ ಕೂರುವ ಜಾಗದ ಒಳವ್ಯಾಸ ಸ್ಟಾಕ್‌ನಷ್ಟೇ ಇರಬೇಕು, ಇಲ್ಲವೇ ಅದಕ್ಕೆ ತಕ್ಕ ರೀಮ್ಯಾಪ್ ಆಗಬೇಕು. ವರ್ನಿಯರ್ ಕ್ಯಾಲಿಪರ್ ಹಿಡಿದು ನೀವೇ ಅಳೆಯಿರಿ. ಸೆನ್ಸರಿನ ಮುಂಚೆ ನೇರ ಪೈಪು ಇಲ್ಲದೆ ತಿರುವಿನ ಬೆನ್ನಲ್ಲೇ ಸೆನ್ಸರ್ ಇಟ್ಟಿರುವ ಕಿಟ್ ಐಡಲ್‌ನಲ್ಲಿ ಏರಿಳಿತ ತರುತ್ತದೆ.

ಮ್ಯಾಫ್ ಇಲ್ಲದೆ ಮ್ಯಾನಿಫೋಲ್ಡ್ ಒತ್ತಡ ನೋಡುವ ಗಾಡಿಗಳಲ್ಲಿ ಈ ತಾಪತ್ರಯ ಇಲ್ಲ.

ಬ್ರೀದರ್ ಪೈಪಿನ ವಿಷಯ ಎರಡೂ ಬಗೆಗೆ ಸಮಾನ. ಕ್ರ್ಯಾಂಕ್‌ಕೇಸ್ ಹೊಗೆ, ಅಂದರೆ ಎಂಜಿನ್ನಿನ ತಳದಿಂದ ಈ ಪೈಪಿನಲ್ಲಿ ಬರುವ ಎಣ್ಣೆಹೊಗೆ, ಫಿಲ್ಟರಿನ ನಂತರ, ಟರ್ಬೊಗೆ ಮುಂಚೆ ಇಂಟೇಕ್ ಸೇರಬೇಕು. ಕಿಟ್‌ನಲ್ಲಿ ಆ ಪೋರ್ಟ್ ಇಲ್ಲವೆಂದು ಸಣ್ಣ ಫಿಲ್ಟರ್ ಸಿಕ್ಕಿಸಿ ಹೊರಗೆ ಬಿಡಬೇಡಿ. ಮ್ಯಾಫ್ ಗಾಡಿಯಲ್ಲಿ ಗಾಳಿಯ ಲೆಕ್ಕ ತಪ್ಪುತ್ತದೆ, ಎಣ್ಣೆಹೊಗೆ ಕ್ಯಾಬಿನ್‌ಗೂ ಬರುತ್ತದೆ, ಕಾನೂನೂ ಒಪ್ಪುವುದಿಲ್ಲ.

ಹಂತ 7: ಕೈಯಲ್ಲಿ ಹಿಡಿದು ನೋಡುವಾಗ

ಜೆ.ಸಿ. ರಸ್ತೆಯಲ್ಲಿ ಕೊಂಡರೂ ಆನ್‌ಲೈನ್‌ನಲ್ಲಿ ತರಿಸಿದರೂ ಇವನ್ನು ನೋಡಿ. ಅಲ್ಯುಮಿನಿಯಂ ಪೈಪಿನ ತುದಿಯಲ್ಲಿ ಉಬ್ಬು ಅಂಚು ಇರಬೇಕು, ಇಲ್ಲದಿದ್ದರೆ ಹೋಸ್ ಜಾರಿ ಬಿಡುತ್ತದೆ. ಸಿಲಿಕಾನ್ ಹೋಸ್ ನಾಲ್ಕು ಪದರದ್ದು, 4–5 ಮಿ.ಮೀ. ದಪ್ಪದ್ದಿರಲಿ. ಟರ್ಬೊ ಎಳೆತಕ್ಕೆ ತೆಳು ಹೋಸ್ ಒಳಕ್ಕೆ ಕುಸಿಯುತ್ತದೆ. ಹೆಬ್ಬೆರಳಿನಿಂದ ಒತ್ತಿದಾಗ ಸುಲಭಕ್ಕೆ ಬಗ್ಗಿದರೆ ಬೇಡ. ವೆಲ್ಡಿಂಗ್ ಒಳಬದಿ ಬೆರಳಾಡಿಸಿ, ಲೋಹದ ಹನಿ ಅಂಟಿರಬಾರದು. ಫಿಲ್ಟರಿನ ರಬ್ಬರ್ ಕಾಲರ್ ಮತ್ತು ಜಾಲರಿ ಸೇರುವ ಗೆರೆಯಲ್ಲಿ ಅಂಟು ತುಂಡಾಗಿರಬಾರದು. ನಕಲಿ ಮಾಲು ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲೇ. ಪೈಪನ್ನು ಹಿಡಿದಿಡುವ ಬ್ರ್ಯಾಕೆಟ್ ರಬ್ಬರ್ ಬುಷ್ ಸಮೇತ ಇದೆಯೇ? ಎಂಜಿನ್ ಅಲುಗುತ್ತದೆ, ಬಾಡಿ ಅಲುಗುವುದಿಲ್ಲ. ಎರಡಕ್ಕೂ ಬಿಗಿದು ಕಟ್ಟಿದ ಲೋಹದ ಪೈಪ್ ಸೀಳುತ್ತದೆ.

ಲೋಹದ ಪೈಪ್ ಬಿಸಿಯಾಗುತ್ತದಲ್ಲ ಎಂಬ ಚಿಂತೆ ಅರ್ಧ ಸರಿ. ಸೆಕೆಂಡಿಗೆ 30 ಮೀಟರ್ ಓಡುವ ಗಾಳಿ ಒಂದು ಮೀಟರ್ ಪೈಪಿನಲ್ಲಿ ಇರುವುದು ಸೆಕೆಂಡಿನ ಮೂವತ್ತನೇ ಒಂದು ಭಾಗ. ಫುಲ್ ಥ್ರಾಟಲ್‌ನಲ್ಲಿ ಅಷ್ಟರಲ್ಲಿ ಹೆಚ್ಚು ಬಿಸಿಯಾಗದು. ಟ್ರಾಫಿಕ್‌ನಲ್ಲಿ ಮಾತ್ರ ಆಗುತ್ತದೆ.

ಕಾನೂನು, ವಾರಂಟಿ

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಸ್ಟಾಕ್ ಏರ್‌ಬಾಕ್ಸ್ ಒಳಗಿನ ಪ್ಯಾನೆಲ್ ಫಿಲ್ಟರಿಗೆ ಯಾರೂ ತಕರಾರು ಮಾಡುವುದು ಕಾಣೆ. ಬಾನೆಟ್ ತೆರೆದ ಕೂಡಲೇ ಕಾಣುವ ಕಿಟ್ ಬೇರೆ ಮಾತು: ಎಂಜಿನ್ ಅಥವಾ ಟರ್ಬೊ ತೊಂದರೆಯಾದಾಗ ವಾರಂಟಿ ನಿರಾಕರಿಸಲು ಸರ್ವಿಸ್ ಸೆಂಟರಿಗೆ ಅದು ಸಾಕು. ಬಿಚ್ಚಿದ ಸ್ಟಾಕ್ ಭಾಗಗಳನ್ನು, ಕ್ಲಿಪ್ಪು ಸ್ಕ್ರೂ ಸಮೇತ, ಒಂದು ಪೆಟ್ಟಿಗೆಯಲ್ಲಿ ಜೋಪಾನ ಇಡಿ. ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡಿಗರು ಕಿಟ್ ಮೇಲೆ ಅಲ್ಲಿನ ವಾಯುಮಾಲಿನ್ಯ ನಿಯಂತ್ರಣ ಸಂಸ್ಥೆ ಕಾರ್ಬ್ ಕೊಡುವ ಇ.ಒ. (ಅನುಮತಿ) ಸಂಖ್ಯೆಯ ಸ್ಟಿಕ್ಕರ್ ಇದೆಯೇ ನೋಡಿ ಕೊಳ್ಳಬೇಕು. ಅದಿಲ್ಲದಿದ್ದರೆ ಸ್ಮಾಗ್ ಪರೀಕ್ಷೆಯಲ್ಲಿ ಗಾಡಿ ಫೇಲ್.

ಹಂತ 8: ಅಳವಡಿಕೆ

ಎಂಜಿನ್ ತಣ್ಣಗಿರಲಿ, ಕೀ ಆಫ್ ಇರಲಿ. ಬಿಚ್ಚುವ ಮುಂಚೆ ನಾಲ್ಕೂ ಕೋನದಿಂದ ಫೋಟೊ ತೆಗೆಯಿರಿ. ಸೆನ್ಸರ್ ಕನೆಕ್ಟರಿನ ಲಾಕ್ ಒತ್ತಿ ಎಳೆಯಿರಿ, ವಯರ್ ಹಿಡಿದು ಎಳೆಯಬೇಡಿ. ಸ್ಟಾಕ್ ಸ್ಪ್ರಿಂಗ್ ಕ್ಲ್ಯಾಂಪ್ ಇಕ್ಕಳದಿಂದ ಬರುತ್ತದೆ. ಪೈಪ್ ತೆಗೆದ ಕ್ಷಣವೇ ಟರ್ಬೊ ಬಾಯಿಗೆ ಶುಚಿಯಾದ ಬಟ್ಟೆ ತುರುಕಿ, ಅದರ ತುದಿ ಹೊರಗೆ ಎದ್ದು ಕಾಣುವಷ್ಟು ದೊಡ್ಡದಿರಲಿ, ಇಲ್ಲದಿದ್ದರೆ ಮರೆತು ಹೋಗುತ್ತದೆ. ಬಟ್ಟೆ ಹಾಕುವ ಮುಂಚೆ ಟಾರ್ಚ್ ಬಿಟ್ಟು ರೆಕ್ಕೆ ನೋಡಿ: ಅಂಚು ಮುರಿದಿದ್ದರೆ ಹೊಸ ಕಿಟ್ ಈಗ ಬೇಡ. ತೆಳ್ಳನೆ ಎಣ್ಣೆ ಪಸೆ ಇರುವುದು ಸಹಜ, ಬ್ರೀದರ್‌ನಿಂದ ಬಂದದ್ದು.

ಹೊಸ ಪೈಪಿನ ಒಳಗನ್ನು ತೊಳೆದು ಪೂರ್ತಿ ಒಣಗಿಸಿ. ಮೊದಲು ಎಲ್ಲ ಜೋಡಣೆ ಸಡಿಲವಾಗಿ ಕೂರಿಸಿ, ಬಾನೆಟ್ ಹಾಕಿ ತೆಗೆದು ಎಲ್ಲೂ ತಾಗದು ಎಂದು ಖಚಿತವಾದ ಮೇಲೆ ಟರ್ಬೊ ಕಡೆಯಿಂದ ಮುಂದಕ್ಕೆ ಬಿಗಿಯುತ್ತಾ ಬನ್ನಿ. ಹೋಸ್ ಪೈಪಿನ ಮೇಲೆ ಕನಿಷ್ಠ 20–25 ಮಿ.ಮೀ. ಹತ್ತಿರಬೇಕು, ಕ್ಲ್ಯಾಂಪ್ ಉಬ್ಬು ಅಂಚಿನ ಹಿಂದೆ ಬರಬೇಕು. ವರ್ಮ್ ಕ್ಲ್ಯಾಂಪಿಗೆ (ಸ್ಕ್ರೂ ತಿರುಗಿಸಿ ಬಿಗಿಯುವ ಪಟ್ಟಿ) 3–4 ನ್ಯೂಟನ್ ಮೀಟರ್ ಸಾಕು, ಹೆಚ್ಚು ಬಿಗಿದರೆ ಸಿಲಿಕಾನ್ ಸೀಳುತ್ತದೆ. ಸೆನ್ಸರಿನ ಓ ರಿಂಗ್ ಮರೆಯಬೇಡಿ. ಮ್ಯಾಫ್ ಮೇಲಿನ ಬಾಣದ ಗುರುತು ಎಂಜಿನ್ ಕಡೆ ಇರಲಿ. ಕೊನೆಗೆ ಬಟ್ಟೆ ತೆಗೆದಿರಾ ಎಂದು ಇನ್ನೊಮ್ಮೆ ನೋಡಿ.

ಸಾಧ್ಯವಾದರೆ ಗ್ಯಾರೇಜಿನಲ್ಲಿ ಸ್ಮೋಕ್ ಟೆಸ್ಟ್ (ಪೈಪಿಗೆ ಹೊಗೆ ತುಂಬಿ ಸೋರಿಕೆ ಹುಡುಕುವ ಪರೀಕ್ಷೆ) ಮಾಡಿಸಿ. ಫಿಲ್ಟರ್ ಮತ್ತು ಟರ್ಬೊ ನಡುವೆ ಸೋರಿಕೆ ಇದ್ದರೆ ಶುಚಿ ಮಾಡದ ಗಾಳಿ ನೇರ ಒಳಗೆ ಹೋಗುತ್ತದೆ. ಹೆಚ್ಚಿನ ಸಲ ಶಿಳ್ಳೆಯಂಥ ಸದ್ದೇ ಅದನ್ನು ಹೇಳುತ್ತದೆ.

ಹಂತ 9: ಹಾಕಿದ ಮೇಲೆ

ನೂರೈವತ್ತು ಕಿ.ಮೀ. ಸಾಮಾನ್ಯವಾಗಿ ಓಡಿಸಿ, ಆಮೇಲೆ ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ ಓದಿ. ಹಾಕುವ ಮುಂಚಿನ ಅಂಕಿಗಿಂತ ಶೇಕಡಾ 5ರ ಒಳಗೆ ಬದಲಾಗಿದ್ದರೆ ಸರಿ. 10 ದಾಟಿದರೆ ಸೋರಿಕೆ ಅಥವಾ ಸೆನ್ಸರ್ ಜಾಗದ ವ್ಯಾಸ ಎಂದೇ ಹುಡುಕಿ. ಪಿ0101 ಕೋಡ್ (ಮ್ಯಾಫ್ ಓದು ಸರಿಯಿಲ್ಲ) ಬಂದರೆ ಸೆನ್ಸರ್ ಮೇಲೆ ಎಣ್ಣೆ ಕೂತಿರಬಹುದು. ಮ್ಯಾಫ್ ಕ್ಲೀನರ್ ಸ್ಪ್ರೇಯಿಂದ ಮಾತ್ರ ತೊಳೆಯಿರಿ, ಕಾರ್ಬೊರೇಟರ್ ಕ್ಲೀನರ್ ಸೆನ್ಸರನ್ನು ಕೊಲ್ಲುತ್ತದೆ. ಹಲಗೆಯ ನೀರಿನ ಅಳತೆಯನ್ನು ಅದೇ ರಸ್ತೆಯಲ್ಲಿ, ಅದೇ ಗೇರಿನಲ್ಲಿ ಮತ್ತೆ ತೆಗೆಯಿರಿ. 45 ಇದ್ದದ್ದು 25 ಆಗಿದ್ದರೆ ಕೆಲಸ ಆಗಿದೆ. 40 ಆಗಿದ್ದರೆ ಅಡಚಣೆ ಇನ್ನೂ ಬೇರೆಡೆ ಇದೆ.

ಎಣ್ಣೆ ಫಿಲ್ಟರ್ ತೊಳೆಯುವಾಗ ನೀರನ್ನು ಒಳಬದಿಯಿಂದ ಹೊರಕ್ಕೆ, ಮೆಲ್ಲಗೆ ಹಾಯಿಸಿ. ಗ್ಯಾರೇಜಿನ ಏರ್ ಕಂಪ್ರೆಸರ್ ಗಾಳಿ ಹಿಡಿಯಬೇಡಿ, ಹತ್ತಿ ಎಳೆ ಬಿಟ್ಟುಕೊಳ್ಳುತ್ತದೆ. ನೆರಳಿನಲ್ಲಿ ಒಂದು ದಿನ ಒಣಗಲಿ. ಪ್ರತಿ ಮಡಿಕೆಯ ಮೇಲಂಚಿಗೆ ಒಂದೇ ಗೆರೆ ಎಣ್ಣೆ ಎಳೆದು ಅರ್ಧ ಗಂಟೆ ಬಿಡಿ, ಬಣ್ಣ ಹತ್ತದ ಕಡೆ ಮಾತ್ರ ಇನ್ನಷ್ಟು ಹಚ್ಚಿ. ಹೆಚ್ಚಾದದ್ದನ್ನು ಬಟ್ಟೆಯಿಂದ ಒರೆಸಿ.

ಸಾವಿರ ಕಿ.ಮೀ. ಆದ ಮೇಲೆ ಫಿಲ್ಟರ್ ಬಿಚ್ಚಿ, ಪೈಪಿನ ಒಳಗೋಡೆಯನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆ ಬಿಳಿಯಾಗಿಯೇ ಉಳಿದರೆ ಸೀಲ್ ಸರಿಯಾಗಿದೆ. ಒಂದೇ ಕಡೆ ಕಂದು ಗೆರೆ ಬಂದರೆ ಅಲ್ಲಿ ಫಿಲ್ಟರಿನ ಅಂಚು ಕೂತಿಲ್ಲ: ಅಂಚಿಗೆ ತೆಳ್ಳಗೆ ಸಿಲಿಕಾನ್ ಗ್ರೀಸ್ ಸವರಿ ಮತ್ತೆ ಕೂರಿಸಿ. ಸುತ್ತಲೂ ಸಮನಾಗಿ ಧೂಳು ಬಂದಿದ್ದರೆ ಫಿಲ್ಟರಿನ ಬಟ್ಟೆಯೇ ಧೂಳನ್ನು ಒಳಗೆ ಬಿಡುತ್ತಿದೆ. ಆ ಫಿಲ್ಟರ್ ತೆಗೆದು ಕಾಗದದ್ದನ್ನೋ ಒಣ ಸಿಂಥೆಟಿಕ್‌ ಒಂದನ್ನೋ ಹಾಕಿ, ಮುಂದಿನ ಸಾವಿರ ಕಿ.ಮೀ.ಗೆ ಇದೇ ಪರೀಕ್ಷೆ ಮತ್ತೆ ಮಾಡಿ.